ಇಂಟೆಲ್ ಕಂಪನಿಯನ್ನು ಕೊಂಡರೆ ಲಾಭವೇ?

ಹೊಸೂರು: ಬೆಳಗ್ಗೆ ಆರೂವರೆಗೆ ನಮ್ಮ ಬಸ್ ನಿಲ್ದಾಣದಲ್ಲಿ ನಿಂತರೆ ಬೆಂಗಳೂರಿನ ಕಡೆಗೆ ಹೊರಟ ಹುಡುಗ ಹುಡುಗಿಯರ ದಂಡು ಕಾಣುತ್ತದೆ. ಕೊರಳಲ್ಲಿ ಗುರುತಿನ ಚೀಟಿ, ಬೆನ್ನಿಗೆ ಚೀಲ, ಕಣ್ಣಲ್ಲಿ ಅರ್ಧ ನಿದ್ದೆ. ಅವರಲ್ಲಿ ಒಬ್ಬ ನಮ್ಮ ಬೀದಿಯವನೇ. ಚಿಪ್ ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿ ಅವನಿಗೆ ಕೆಲಸ. ಮೊನ್ನೆ ಟೀ ಕುಡಿಯುತ್ತ ಕೇಳಿದ: "ಸಾರ್, ನೀವು ಪೇಪರಿಗೆ ಬರೀತೀರಲ್ಲ, ಒಂದು ಹೇಳಿ. 2024ರಲ್ಲಿ ಇಂಟೆಲ್ ಅಷ್ಟು ಅಗ್ಗಕ್ಕೆ ಬಿದ್ದಿತ್ತು. ದುಡ್ಡಿರೋ ಕಂಪನಿಗಳು ಎಷ್ಟೊಂದಿದ್ವು. ಯಾರೂ ಯಾಕೆ ಪೂರ್ತಿ ಕೊಂಡ್ಕೊಳ್ಳಲಿಲ್ಲ?"

ಬಸ್ ಬಂತು, ಹುಡುಗ ಹೋದ. ಪ್ರಶ್ನೆ ನನ್ನ ಜೊತೆ ಉಳಿಯಿತು.

ನಾನು ಓದಿದ್ದು ಬಿ.ಎ. ಚಿಪ್ ಒಳಗೆ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಜಮೀನು ಕೊಳ್ಳುವವರ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿ ಹಾಕಲು ಎಷ್ಟೋ ಸಲ ಹೋಗಿದ್ದೇನೆ. ನಮ್ಮ ಹಿರಿಯರು ಹೊಲ ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಮೇಲೆ ಸಾಲ ಎಷ್ಟಿದೆ? ಬಾವಿಯ ನೀರಿನ ಹಕ್ಕು ಯಾರದು? ನಾಳೆ ತಕರಾರು ತೆಗೆಯುವವರು ಯಾರು? ಬೆಳೆದದ್ದನ್ನು ಕೊಳ್ಳುವವರು ಯಾರು? ಇಂಟೆಲ್ ವಿಷಯದಲ್ಲೂ ಈ ನಾಲ್ಕನ್ನೇ ಕೇಳಿ ನೋಡಿದರೆ ಉತ್ತರ ತಾನಾಗಿ ಹೊರಬೀಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ದೊಡ್ಡ ಮನೆ ಇಳಿದ ಬಗೆ

ಮೊದಲು ಹಿನ್ನೆಲೆ. ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಸೇರಿ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ ಇಂಟೆಲ್. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ ಚಿಪ್ಪನ್ನು ಆರಿಸಿಕೊಂಡಿತು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಕಂಪ್ಯೂಟರ್ ಎಂದರೆ ಇಂಟೆಲ್ ಎನ್ನುವ ಹಾಗಾಯಿತು. ವಿನ್ಯಾಸವೂ ಅವರದೇ, ಕಾರ್ಖಾನೆಯೂ ಅವರದೇ. ಎರಡರಲ್ಲೂ ಅವರೇ ಮುಂದು.

ಕಾಲು ಜಾರಿದ್ದು ಒಂದೇ ದಿನದಲ್ಲಲ್ಲ. ಮೊಬೈಲ್ ಫೋನಿನ ಯುಗ ಬರುವ ಹೊತ್ತಿಗೆ, 2006ರಲ್ಲಿ, ಸಣ್ಣ ಸಾಧನಗಳ ಚಿಪ್ ಮಾಡುತ್ತಿದ್ದ ತನ್ನ ಎಕ್ಸ್‌ಸ್ಕೇಲ್ ವಿಭಾಗವನ್ನು 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿಬಿಟ್ಟಿತು. ಮರುವರ್ಷವೇ ಐಫೋನ್ ಬಂತು. ಅದರ ಚಿಪ್ ಮಾಡುವ ಅವಕಾಶವನ್ನು ಬಿಟ್ಟುಕೊಟ್ಟದ್ದರ ಬಗ್ಗೆ ಅಂದಿನ ಮುಖ್ಯಸ್ಥ ಪಾಲ್ ಒಟೆಲಿನಿ ಅವರೇ 2013ರಲ್ಲಿ ಹುದ್ದೆ ಬಿಡುವಾಗ ಹೇಳಿಕೊಂಡರು. ಕಾರ್ಖಾನೆಯಲ್ಲೂ ಹಾಗೇ ಆಯಿತು. 10 ನ್ಯಾನೋಮೀಟರ್ ತಂತ್ರ ವರ್ಷಗಟ್ಟಲೆ ತಡವಾಯಿತು. 2020ರ ಜುಲೈನಲ್ಲಿ ಮುಂದಿನ 7 ನ್ಯಾನೋಮೀಟರೂ ತಡ ಎಂದು ಘೋಷಿಸಬೇಕಾಯಿತು. ಅಷ್ಟರಲ್ಲಿ ತೈವಾನಿನ ಟಿಎಸ್ಎಂಸಿ ಮುಂದೆ ಹೋಗಿತ್ತು. ಅದೇ ವರ್ಷ ಆಪಲ್ ತನ್ನ ಮ್ಯಾಕ್ ಕಂಪ್ಯೂಟರಿನಿಂದ ಇಂಟೆಲ್ ಚಿಪ್ಪನ್ನು ಬಿಡಲು ಶುರು ಮಾಡಿತು. ಕೃತಕ ಬುದ್ಧಿಮತ್ತೆಯ ಅಲೆ ಎದ್ದಾಗ ಅದರ ಮೇಲೆ ತೇಲಿದ್ದು ಎನ್‌ವಿಡಿಯಾ. ಇಂಟೆಲ್ ದಡದಲ್ಲಿ ನಿಂತಿತ್ತು.

2021ರಲ್ಲಿ ಮುಖ್ಯಸ್ಥರಾಗಿ ಬಂದ ಪ್ಯಾಟ್ ಗೆಲ್ಸಿಂಗರ್ ದೊಡ್ಡ ಜೂಜಾಡಿದರು. ನಾಲ್ಕು ವರ್ಷದಲ್ಲಿ ಐದು ತಲೆಮಾರಿನ ತಂತ್ರ, ಅಮೆರಿಕ ಮತ್ತು ಯುರೋಪಿನಲ್ಲಿ ಹೊಸ ಕಾರ್ಖಾನೆಗಳು, ಬೇರೆ ಕಂಪನಿಗಳಿಗೂ ಚಿಪ್ ಮಾಡಿಕೊಡುವ ಹೊಸ ವ್ಯವಹಾರ, ಹೀಗೆ. ಖರ್ಚು ಮೊದಲು ಬಂತು, ಆದಾಯ ಬರಲಿಲ್ಲ. 2021ರಲ್ಲಿ 7,900 ಕೋಟಿ ಡಾಲರ್ ಇದ್ದ ವಹಿವಾಟು 2024ರಲ್ಲಿ 5,310 ಕೋಟಿಗೆ ಇಳಿಯಿತು. ಆ ವರ್ಷದ ನಷ್ಟ 1,880 ಕೋಟಿ ಡಾಲರ್. ಆಗಸ್ಟಿನಲ್ಲಿ ಸುಮಾರು 15,000 ನೌಕರರನ್ನು ಕಡಿತ ಮಾಡುವುದಾಗಿ, ಲಾಭಾಂಶ ನಿಲ್ಲಿಸುವುದಾಗಿ ಹೇಳಿದ ಮರುದಿನ ಷೇರು ಒಂದೇ ದಿನ ನೂರಕ್ಕೆ 26ರಷ್ಟು ಕುಸಿಯಿತು. ವರ್ಷದ ಆರಂಭದಲ್ಲಿ 50 ಡಾಲರ್ ಹತ್ತಿರ ಇದ್ದ ಷೇರು 20ರ ಆಸುಪಾಸಿಗೆ ಬಂತು. ಡಿಸೆಂಬರ್ 1ರಂದು ಗೆಲ್ಸಿಂಗರ್ ಹುದ್ದೆ ಬಿಟ್ಟರು.

ಇಂಥ ಹೊತ್ತಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ, ಮೊಬೈಲ್ ಚಿಪ್ ಮಾಡುವ ಕ್ವಾಲ್‌ಕಾಮ್ ಇಂಟೆಲನ್ನು ಪೂರ್ತಿ ಕೊಳ್ಳುವ ಬಗ್ಗೆ ವಿಚಾರಿಸಿದೆ ಎಂಬ ವರದಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು. ಎರಡು ತಿಂಗಳಲ್ಲಿ ಆ ಮಾತು ತಣ್ಣಗಾಯಿತು. ಏಕೆ?

ಮೊದಲ ಪ್ರಶ್ನೆ: ಮೇಲೆ ಸಾಲ ಎಷ್ಟು?

ಆಗ ಇಂಟೆಲ್‌ನ ಎಲ್ಲ ಷೇರುಗಳ ಪೇಟೆ ಬೆಲೆ ಒಟ್ಟು ಸುಮಾರು 9,000 ಕೋಟಿ ಡಾಲರ್. ಕಂಪನಿಯ ಸ್ವಂತ ಲೆಕ್ಕಪುಸ್ತಕದಲ್ಲಿ ಷೇರುದಾರರ ಆಸ್ತಿ ಎಂದು ಬರೆದಿದ್ದ ಮೊತ್ತ ಅದಕ್ಕಿಂತ ಹೆಚ್ಚು. ಅಂದರೆ ಗೋಡೆ, ಯಂತ್ರ, ಜಾಗಕ್ಕೆ ಹಾಕಿದ ದುಡ್ಡಿಗಿಂತಲೂ ಕಡಿಮೆಗೆ ಮನೆ ಸಿಗುತ್ತಿತ್ತು. ಯಾರಿಗಾದರೂ ಬಾಯಲ್ಲಿ ನೀರೂರಬೇಕು.

ಆದರೆ ಮನೆಯ ಬೆಲೆ ಬೇರೆ, ಮನೆ ನಡೆಸುವ ಖರ್ಚು ಬೇರೆ. ಆ ವರ್ಷದ ಕೊನೆಗೆ ಇಂಟೆಲ್ ಮೇಲಿದ್ದ ಸಾಲ ಸುಮಾರು 5,000 ಕೋಟಿ ಡಾಲರ್. ಅದು ಸಾಲದು ಎಂದು ಕಾರ್ಖಾನೆ ಕಟ್ಟಲು, ಯಂತ್ರ ತರಿಸಲು ವರ್ಷಕ್ಕೆ 2,000 ಕೋಟಿ ಡಾಲರಿಗೂ ಮೀರಿ ಖರ್ಚಾಗುತ್ತಿತ್ತು. ಚಿಪ್ಪಿನ ಮೇಲೆ ಗೆರೆ ಮೂಡಿಸುವ ನೆದರ್ಲೆಂಡಿನ ಎಎಸ್ಎಂಎಲ್ ಕಂಪನಿಯ ಇತ್ತೀಚಿನ ಯಂತ್ರ ಒಂದಕ್ಕೇ 35 ಕೋಟಿ ಡಾಲರಿಗಿಂತ ಹೆಚ್ಚು. ಆನೆ ಕೊಳ್ಳುವುದು ಸುಲಭ, ಮೇವು ಹಾಕುವುದು ಕಷ್ಟ ಎನ್ನುವುದು ಇದಕ್ಕೇ.

ಇನ್ನೊಂದು ವಿಚಿತ್ರ. ಇಂಟೆಲ್ ಒಳಗೆ ಎರಡು ಮನೆಗಳಿವೆ. ಒಂದು ಚಿಪ್ ವಿನ್ಯಾಸ ಮಾಡಿ ಮಾರುವ ಮನೆ. 2024ರಲ್ಲೂ ಪರ್ಸನಲ್ ಕಂಪ್ಯೂಟರ್ ಚಿಪ್ಪಿನ ವಿಭಾಗ 3,000 ಕೋಟಿ ಡಾಲರ್ ವ್ಯಾಪಾರದಲ್ಲಿ 1,000 ಕೋಟಿಗೂ ಹೆಚ್ಚು ಲಾಭ ತೋರಿಸಿತು. ಇನ್ನೊಂದು ಕಾರ್ಖಾನೆಯ ಮನೆ. ಅದೇ ವರ್ಷ ಅಲ್ಲಿನ ನಷ್ಟ 1,340 ಕೋಟಿ ಡಾಲರ್. ಅಣ್ಣ ದುಡಿದದ್ದನ್ನು ತಮ್ಮ ಕಳೆಯುತ್ತಿದ್ದಾನೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ಹಾಗಾಗಿ ಕೊಳ್ಳಲು ಬಂದವರಿಗೆಲ್ಲ ಅಣ್ಣ ಬೇಕು, ತಮ್ಮ ಬೇಡ. ಈ ಮಾತಿಗೆ ಮುಂದೆ ಬರೋಣ.

ಎರಡನೆಯದು: ಬಾವಿಯ ನೀರು ಯಾರದು?

ಅಣ್ಣನ ಮನೆಯ ನಿಜವಾದ ಆಸ್ತಿ ಎಕ್ಸ್86 ಎಂಬ ಸೂಚನೆಗಳ ಸಂಗ್ರಹ. ಚಿಪ್ಪಿಗೂ ಸಾಫ್ಟ್‌ವೇರಿಗೂ ನಡುವಿನ ಭಾಷೆ ಎಂದಿಟ್ಟುಕೊಳ್ಳಿ. ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳ ಸಾಫ್ಟ್‌ವೇರ್ ಈ ಭಾಷೆಯನ್ನೇ ಮಾತಾಡುತ್ತದೆ. ಇದು ಹುಟ್ಟಿದ್ದು 1978ರ ಇಂಟೆಲ್ 8086 ಚಿಪ್ಪಿನಿಂದ.

ಐಬಿಎಂ ಅಂದು ಒಂದು ಷರತ್ತು ಹಾಕಿತ್ತು. ಒಬ್ಬರನ್ನೇ ನಂಬಿ ಚಿಪ್ ಕೊಳ್ಳುವುದಿಲ್ಲ, ಇನ್ನೊಬ್ಬ ತಯಾರಕ ಬೇಕು. ಹಾಗೆ ಪಾಲಿಗೆ ಬಂದದ್ದು ಎಎಂಡಿ. ಮುಂದೆ ಇಬ್ಬರೂ ಕೋರ್ಟು ಕಚೇರಿ ಸುತ್ತಿದರು. 2003ರಲ್ಲಿ ಎಎಂಡಿ ಅದೇ ಭಾಷೆಯನ್ನು 64 ಬಿಟ್‌ಗೆ ವಿಸ್ತರಿಸಿ ಪೇಟೆಗೆ ತಂದಿತು, ಇಂಟೆಲ್ ಕೂಡ ಅದನ್ನೇ ಅನುಸರಿಸಿತು. ಕೊನೆಗೆ 2009ರಲ್ಲಿ ರಾಜಿ ಆಯಿತು. ಇಂಟೆಲ್ 125 ಕೋಟಿ ಡಾಲರ್ ಕೊಟ್ಟಿತು, ಒಬ್ಬರ ಹಕ್ಕನ್ನು ಇನ್ನೊಬ್ಬರು ಬಳಸಲು ಹೊಸ ಕರಾರು ಬರೆದುಕೊಂಡರು.

ಆ ಕರಾರಿನಲ್ಲಿ ಒಂದು ಸಾಲಿದೆ. ಇಬ್ಬರಲ್ಲಿ ಯಾರ ಕಂಪನಿಯ ಒಡೆತನ ಕೈ ಬದಲಾದರೂ ಕರಾರು ಮುಗಿಯುತ್ತದೆ.

ನಮ್ಮ ಕಡೆ ಇದನ್ನು ವಿವರಿಸಬೇಕಾಗಿಲ್ಲ. ಪಾಲಾದ ಅಣ್ಣತಮ್ಮಂದಿರು ಒಂದೇ ಬಾವಿಯಿಂದ ಸರದಿಯ ಮೇಲೆ ನೀರು ಕಟ್ಟುತ್ತಾರೆ. ಹೊರಗಿನವನಿಗೆ ಹೊಲ ಮಾರಿದರೆ ನೀರಿನ ಸರದಿ ಇಲ್ಲ ಎಂದು ಪಾಲುಪತ್ರದಲ್ಲಿ ಬರೆದಿರುತ್ತದೆ. ಹೊಲ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು ಆಮೇಲೆ ನೀರಿಗಾಗಿ ಪಕ್ಕದವನ ಬಾಗಿಲಿಗೆ ಹೋಗಬೇಕು. ಇಂಟೆಲ್ ಕೊಂಡವರಿಗೆ ಎಎಂಡಿಯ 64 ಬಿಟ್ ಹಕ್ಕು ಬೇಕೇ ಬೇಕು, ಎಎಂಡಿಗೂ ಇಂಟೆಲ್‌ನ ಮೂಲ ಹಕ್ಕು ಬೇಕು. ಇಬ್ಬರಿಗೂ ಅಗತ್ಯ ಇರುವುದರಿಂದ ಹೊಸ ಕರಾರು ಆಗುವುದಿಲ್ಲ ಎಂದೇನೂ ಅಲ್ಲ. ಆದರೆ ಮಾತುಕತೆಗೆ ಕೂತಾಗ ಎದುರಾಳಿ ಎಷ್ಟು ಕೇಳುತ್ತಾನೆ, ಎಷ್ಟು ತಿಂಗಳು ಸತಾಯಿಸುತ್ತಾನೆ ಎಂಬುದು ಕೊಳ್ಳುವವನ ಕೈಯಲ್ಲಿಲ್ಲ. ಲೆಕ್ಕಪುಸ್ತಕದಲ್ಲಿ ಕಾಣದ ಈ ಒಂದು ಸಾಲು ಬೆಲೆಯನ್ನೇ ಬದಲಿಸಿಬಿಡುತ್ತದೆ.

ಮೂರನೆಯದು: ತಕರಾರು ತೆಗೆಯುವವರು ಯಾರು?

ಚಿಪ್ ಕಂಪನಿಯನ್ನು ಕೊಳ್ಳಲು ಇಬ್ಬರು ಒಪ್ಪಿದರೆ ಸಾಲದು. ಅಮೆರಿಕ, ಯುರೋಪು, ಚೀನಾ ಎಲ್ಲ ಕಡೆಯ ಸರ್ಕಾರಗಳೂ ಹೂಂ ಅನ್ನಬೇಕು. ಇತ್ತೀಚಿನ ವರ್ಷಗಳ ಪಟ್ಟಿ ನೋಡಿ.

2018ರ ಮಾರ್ಚಿನಲ್ಲಿ ಬ್ರಾಡ್‌ಕಾಮ್ ಕಂಪನಿ ಕ್ವಾಲ್‌ಕಾಮನ್ನು 11,700 ಕೋಟಿ ಡಾಲರಿಗೆ ಕೊಳ್ಳಲು ಹೊರಟಾಗ ದೇಶದ ಭದ್ರತೆಯ ಹೆಸರಿನಲ್ಲಿ ಅಧ್ಯಕ್ಷ ಟ್ರಂಪ್ ತಡೆದರು. ಅದೇ ವರ್ಷ ಜುಲೈನಲ್ಲಿ ಕ್ವಾಲ್‌ಕಾಮ್ ತಾನೇ 4,400 ಕೋಟಿ ಡಾಲರಿಗೆ ಕೊಳ್ಳಬೇಕೆಂದಿದ್ದ ನೆದರ್ಲೆಂಡಿನ ಎನ್ಎಕ್ಸ್‌ಪಿ ವ್ಯವಹಾರ ಚೀನಾದ ಒಪ್ಪಿಗೆ ಸಿಗದೆ ಮುರಿದುಬಿತ್ತು. ಕ್ವಾಲ್‌ಕಾಮ್ 200 ಕೋಟಿ ಡಾಲರ್ ಪರಿಹಾರ ಕಟ್ಟಿ ಬರಿಗೈಯಲ್ಲಿ ಮನೆಗೆ ಬಂತು. ಎನ್‌ವಿಡಿಯಾ 2020ರಲ್ಲಿ 4,000 ಕೋಟಿ ಡಾಲರಿಗೆ ಆರ್ಮ್ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು, 2022ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಇಂಟೆಲ್‌ಗೂ ಇದರ ರುಚಿ ಗೊತ್ತು. ಇಸ್ರೇಲಿನ ಟವರ್ ಕಂಪನಿಯನ್ನು 540 ಕೋಟಿಗೆ ಕೊಳ್ಳಲು ಒಪ್ಪಂದವಾಗಿ ಒಂದೂವರೆ ವರ್ಷ ಕಾದ ಮೇಲೆ, 2023ರ ಆಗಸ್ಟಿನಲ್ಲಿ, ಚೀನಾದ ಅನುಮತಿ ಬರದೆ 35 ಕೋಟಿ ಡಾಲರ್ ದಂಡ ತೆತ್ತು ಬಿಟ್ಟುಬಿಟ್ಟಿತು.

2024ರಲ್ಲಿ ಇಂಟೆಲ್ ವಹಿವಾಟಿನ ಕಾಲುಭಾಗಕ್ಕಿಂತ ಹೆಚ್ಚು ಚೀನಾದಿಂದಲೇ ಬರುತ್ತಿತ್ತು. ಅಮೆರಿಕ ಮತ್ತು ಚೀನಾದ ಜಗಳದ ನಡುವೆ ಅಷ್ಟು ದೊಡ್ಡ ವ್ಯವಹಾರಕ್ಕೆ ಬೀಜಿಂಗಿನಿಂದ ಸಹಿ ತರುತ್ತೇನೆ ಎನ್ನುವ ಧೈರ್ಯ ಯಾರಿಗಿದ್ದೀತು? ವರ್ಷ ಎರಡು ವರ್ಷ ಕಾಯುವಷ್ಟರಲ್ಲಿ ಕೊಳ್ಳಬೇಕಾದ ಮನೆಯ ಮಾಡೇ ಕುಸಿದಿರುತ್ತದೆ. ಒಳ್ಳೆಯ ಎಂಜಿನಿಯರುಗಳು ಅಷ್ಟು ದಿನ ಕಾಯುವುದಿಲ್ಲ.

ನಾಲ್ಕನೆಯದು: ಬೆಳೆ ಕೊಳ್ಳುವವರು ಯಾರು?

ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಉಳಿದ ಮೂರಕ್ಕೂ ವಕೀಲರು ಏನಾದರೊಂದು ದಾರಿ ಹುಡುಕಿಯಾರು, ಇದಕ್ಕೆ ವಕೀಲರಿಂದ ಉತ್ತರ ಇಲ್ಲ.

ಟಿಎಸ್ಎಂಸಿ ಎಂಬ ತೈವಾನಿನ ಕಂಪನಿಯನ್ನು ಮೋರಿಸ್ ಚಾಂಗ್ 1987ರಲ್ಲಿ ಶುರು ಮಾಡಿದರು. ಅದರ ಗುಟ್ಟು ಸರಳ. ನಮ್ಮ ಊರಿನ ಹಿಟ್ಟಿನ ಗಿರಣಿಯ ಹಾಗೆ. ರಾಗಿ ಯಾರೇ ತರಲಿ, ಬೀಸಿ ಕೊಡುತ್ತದೆ. ತಾನು ಮುದ್ದೆ ಮಾಡಿ ಮಾರುವುದಿಲ್ಲ. ಆದ್ದರಿಂದ ಎದುರುಬದುರು ಹೋಟೆಲಿನವರಿಬ್ಬರೂ ಒಂದೇ ಗಿರಣಿಗೆ ಚೀಲ ಕಳಿಸುತ್ತಾರೆ. ಆಪಲ್, ಎನ್‌ವಿಡಿಯಾ, ಎಎಂಡಿ, ಕ್ವಾಲ್‌ಕಾಮ್ ಎಲ್ಲರ ಚೀಲವೂ ಅಲ್ಲಿಗೇ ಹೋಗುತ್ತದೆ. ಚೀಲ ಹೆಚ್ಚಿದಷ್ಟೂ ಗಿರಣಿಯವನ ಕೈಗೆ ದುಡ್ಡು, ದುಡ್ಡು ಬಂದಷ್ಟೂ ಹೊಸ ಕಲ್ಲು.

ಇಂಟೆಲ್ ಹೋಟೆಲನ್ನೂ ಗಿರಣಿಯನ್ನೂ ಒಟ್ಟಿಗೆ ಇಟ್ಟುಕೊಂಡ ಮನೆ. ತನ್ನ ಹೋಟೆಲಿನ ರಾಗಿಯೇ ಬೇಕಾದಷ್ಟಿದ್ದ ಕಾಲದಲ್ಲಿ ಗಿರಣಿ ನಡೆಯಿತು. ಹೋಟೆಲಿನ ವ್ಯಾಪಾರ ಕಡಿಮೆಯಾದಾಗ ಗಿರಣಿ ಖಾಲಿ ಕೂತಿತು. ಬೇರೆಯವರ ರಾಗಿಯನ್ನೂ ಬೀಸುತ್ತೇವೆ ಎಂದು ಫಲಕ ಹಾಕಿದರೂ, 2024ರಲ್ಲಿ ಕಾರ್ಖಾನೆ ವಿಭಾಗ ತೋರಿಸಿದ ವ್ಯವಹಾರದಲ್ಲಿ ಬಹುಪಾಲು ಇಂಟೆಲ್‌ನ ಸ್ವಂತ ಚಿಪ್ಪುಗಳದ್ದೇ ಆಗಿತ್ತು. 1,340 ಕೋಟಿ ನಷ್ಟದ ಮೂಲ ಇಲ್ಲಿದೆ.

ಈಗ ಯೋಚಿಸಿ. ಈ ಗಿರಣಿಯನ್ನು ಎದುರು ಹೋಟೆಲಿನವನು ಕೊಂಡರೆ ಏನಾಗುತ್ತದೆ? ಕ್ವಾಲ್‌ಕಾಮ್ ಒಡೆತನದ ಕಾರ್ಖಾನೆಗೆ ಎಎಂಡಿ ತನ್ನ ವಿನ್ಯಾಸವನ್ನು ಎರಡು ವರ್ಷ ಮುಂಚೆ ಒಪ್ಪಿಸುತ್ತದೆಯೇ? ಆಪಲ್ ಒಪ್ಪಿಸುತ್ತದೆಯೇ? ಕೊಂಡವರು ತಮ್ಮ ಒಂದು ಚೀಲ ತರುತ್ತಾರೆ, ಬರಬಹುದಾಗಿದ್ದ ಹತ್ತು ಚೀಲವನ್ನು ಓಡಿಸುತ್ತಾರೆ. ಇಂಟೆಲ್‌ಗೆ ಬೇಕಾದದ್ದು ಒಡೆಯನಲ್ಲ, ಗಿರಾಕಿಗಳು. ಒಡೆಯ ಬಂದಷ್ಟೂ ಗಿರಾಕಿ ದೂರವಾಗುವ ವ್ಯಾಪಾರ ಇದು.

ಇದು ಬರೀ ನನ್ನ ಊಹೆಯಲ್ಲ. 2025ರ ಮಾರ್ಚಿನಲ್ಲಿ ಮುಖ್ಯಸ್ಥರಾದ ಲಿಪ್ ಬು ಟಾನ್ ಅವರ ಕಾಲದಲ್ಲಿ, ಅದೇ ಜುಲೈನಲ್ಲಿ, ಇಂಟೆಲ್ ತನ್ನ ತ್ರೈಮಾಸಿಕ ದಾಖಲೆಯಲ್ಲಿ ಒಂದು ಮಾತನ್ನು ಬರೆಯಿತು. 14ಎ ಎಂಬ ಮುಂದಿನ ತಲೆಮಾರಿನ ತಂತ್ರಕ್ಕೆ ಹೊರಗಿನ ದೊಡ್ಡ ಗಿರಾಕಿ ಸಿಗದಿದ್ದರೆ ಅದನ್ನು ತಡೆಹಿಡಿಯಬಹುದು ಅಥವಾ ಕೈಬಿಡಬಹುದು ಎಂದು. ಅರ್ಧ ಶತಮಾನ ಈ ಓಟದಲ್ಲಿದ್ದವರು ಗಿರಾಕಿ ಇಲ್ಲದಿದ್ದರೆ ನಿಲ್ಲಿಸುತ್ತೇವೆ ಎಂದು ಬರೆದುಕೊಟ್ಟ ಹಾಗೆ.

ಹಾಗಾದರೆ ತುಂಡು ಮಾಡಿ ಮಾರಬಾರದೇ?

ಅಣ್ಣನನ್ನು ಒಬ್ಬರಿಗೆ, ತಮ್ಮನನ್ನು ಇನ್ನೊಬ್ಬರಿಗೆ ಕೊಡಿ ಎನ್ನುವವರು ಬಹಳ ಮಂದಿ. 2025ರ ಫೆಬ್ರವರಿಯಲ್ಲಿ ಬ್ರಾಡ್‌ಕಾಮ್ ವಿನ್ಯಾಸದ ಭಾಗವನ್ನೂ ಟಿಎಸ್ಎಂಸಿ ಕಾರ್ಖಾನೆಗಳನ್ನೂ ನೋಡುತ್ತಿವೆ ಎಂಬ ವರದಿಗಳೂ ಬಂದವು. ಏಪ್ರಿಲ್‌ನಲ್ಲಿ ಟಿಎಸ್ಎಂಸಿ ಮುಖ್ಯಸ್ಥ ಸಿ.ಸಿ. ವೇ ಅವರು ಅಂಥ ಜಂಟಿ ಉದ್ಯಮದ ಮಾತುಕತೆಯಲ್ಲಿ ತಾವಿಲ್ಲ ಎಂದು ಸ್ಪಷ್ಟಪಡಿಸಿದರು.

ತುಂಡು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಪಕ್ಕದ ಮನೆಯಲ್ಲೇ ಇದೆ. 2006ರಲ್ಲಿ ಎಟಿಐ ಕಂಪನಿಯನ್ನು 540 ಕೋಟಿ ಡಾಲರಿಗೆ ಕೊಂಡು ಸಾಲದಲ್ಲಿ ಮುಳುಗಿದ್ದ ಎಎಂಡಿ, 2009ರಲ್ಲಿ ತನ್ನ ಕಾರ್ಖಾನೆಗಳನ್ನು ಅಬುಧಾಬಿಯ ಬಂಡವಾಳದ ಜೊತೆ ಬೇರೆ ಮಾಡಿತು. ಅದೇ ಗ್ಲೋಬಲ್‌ಫೌಂಡ್ರೀಸ್. ಆಮೇಲೂ ಎಎಂಡಿಗೆ ಸುಖ ಬರಲಿಲ್ಲ. 2015ರಲ್ಲಿ ಅದರ ಷೇರು 2 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಯಾರೂ ಕೊಳ್ಳಲಿಲ್ಲ. 2014ರಲ್ಲಿ ಹೊಣೆ ಹೊತ್ತ ಲಿಸಾ ಸೂ ಮತ್ತು ಅವರ ಎಂಜಿನಿಯರುಗಳು 2017ರಲ್ಲಿ ರೈಜೆನ್ ಚಿಪ್ ತಂದರು, 2019ರಿಂದ ಅದರ ಹೊಸ ತಲೆಮಾರನ್ನು ಟಿಎಸ್ಎಂಸಿಯಲ್ಲಿ ಮಾಡಿಸಿದರು. 2022ರಲ್ಲಿ ಅದೇ ಎಎಂಡಿ ಜೈಲಿಂಕ್ಸ್ ಎಂಬ ದೊಡ್ಡ ಕಂಪನಿಯನ್ನು ಕೊಂಡಿತು.

ಅಣ್ಣ ಬದುಕಿದ. ತಮ್ಮ ಏನಾದ? 2018ರ ಆಗಸ್ಟಿನಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೋಮೀಟರ್ ತಂತ್ರವನ್ನು ಕೈಬಿಟ್ಟು ಮುಂಚೂಣಿಯ ಓಟದಿಂದ ಹೊರಗೆ ಬಂತು. ಖರ್ಚಿಗೆ ತಕ್ಕಷ್ಟು ಗಿರಾಕಿಗಳಿರಲಿಲ್ಲ. ಇಂದಿಗೂ ಕಂಪನಿ ನಡೆಯುತ್ತಿದೆ, ಕಾರು ಮತ್ತಿತರ ಬಳಕೆಯ ಚಿಪ್ ಮಾಡುತ್ತದೆ. ಆದರೆ ಹೊಚ್ಚ ಹೊಸ ತಂತ್ರದ ಅಂಗಳದಲ್ಲಿ ಅದು ಇಲ್ಲ.

ಇಂಟೆಲನ್ನು ಇವತ್ತೇ ಹೀಗೆ ಸೀಳಿದರೆ ತಮ್ಮನ ಪಾಡು ಅದೇ ಆದೀತು. ಈಗಿರುವ ಒಂದೇ ಖಾತ್ರಿಯ ಗಿರಾಕಿ ಅಣ್ಣ. ಅವನೂ ಟಿಎಸ್ಎಂಸಿ ಕಡೆ ಚೀಲ ಹೊತ್ತುಕೊಂಡು ನಡೆದರೆ ಗಿರಣಿಗೆ ಬೀಗ. ಆಗ ಅತ್ಯಂತ ಹೊಸ ಚಿಪ್ ಮಾಡಲು ಜಗತ್ತಿನಲ್ಲಿ ಉಳಿಯುವವರು ತೈವಾನಿನ ಟಿಎಸ್ಎಂಸಿ ಮತ್ತು ಕೊರಿಯಾದ ಸ್ಯಾಮ್‌ಸಂಗ್ ಮಾತ್ರ. ತೈವಾನ್ ಮೇಲೆ ಚೀನಾದ ಕಣ್ಣಿದೆ ಎಂದು ಎಲ್ಲರಿಗೂ ಗೊತ್ತು.

ತುಂಡು ಮಾರಾಟದಲ್ಲಿ ಬರುವ ಬೆಲೆಯನ್ನೂ ನೋಡಬೇಕು. ಆಲ್ಟೆರಾ ಎಂಬ ಕಂಪನಿಯನ್ನು ಇಂಟೆಲ್ 2015ರಲ್ಲಿ ಕೊಂಡದ್ದು 1,670 ಕೋಟಿ ಡಾಲರಿಗೆ. 2025ರಲ್ಲಿ ಅದರ ನೂರಕ್ಕೆ 51 ಪಾಲನ್ನು ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆಗೆ ಮಾರುವಾಗ ಇಡೀ ಆಲ್ಟೆರಾಕ್ಕೆ ಕಟ್ಟಿದ ಬೆಲೆ 875 ಕೋಟಿ. ಕಷ್ಟದಲ್ಲಿ ಮಾರಿದ ಎತ್ತಿಗೆ ಸಂತೆಯಲ್ಲಿ ಅರ್ಧ ಬೆಲೆ.

ಯಾರೂ ಕೊಳ್ಳಲಿಲ್ಲ, ಮೂವರು ಪಾಲು ತೆಗೆದುಕೊಂಡರು

2025ರಲ್ಲಿ ನಡೆದದ್ದು ನನ್ನ ವಾದಕ್ಕೆ ಹತ್ತಿರವಾಗಿದೆ. ಆಗಸ್ಟಿನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಷೇರಿಗೆ 23 ಡಾಲರಿನಂತೆ 200 ಕೋಟಿ ಡಾಲರ್ ಹಾಕಿತು. ಅದೇ ತಿಂಗಳು ಅಮೆರಿಕ ಸರ್ಕಾರ 2022ರ ಚಿಪ್ಸ್ ಕಾಯ್ದೆ ಮುಂತಾದ ಯೋಜನೆಗಳಡಿ ಕೊಡಬೇಕಾಗಿದ್ದ 890 ಕೋಟಿ ಡಾಲರನ್ನು ಷೇರಾಗಿ ಬದಲಿಸಿ, 20.47 ಡಾಲರಿನಂತೆ ಸುಮಾರು ನೂರಕ್ಕೆ ಹತ್ತು ಪಾಲು ಪಡೆಯಿತು. ಅದಕ್ಕೆ ಎರಡು ವಾರ ಮುಂಚೆ ಅಧ್ಯಕ್ಷ ಟ್ರಂಪ್ ಇದೇ ಕಂಪನಿಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಹೇಳಿದ್ದರು ಎನ್ನುವುದು ಬೇರೆ ಮಾತು. ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ 23.28 ಡಾಲರಿನಂತೆ 500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಇಬ್ಬರೂ ಸೇರಿ ಚಿಪ್ ವಿನ್ಯಾಸ ಮಾಡುವ ಒಪ್ಪಂದವೂ ಜೊತೆಗಿತ್ತು.

ಸರ್ಕಾರದ ಕರಾರಿನಲ್ಲಿ ಗಮನಿಸಬೇಕಾದ ಒಂದು ಷರತ್ತಿದೆ. ಕಾರ್ಖಾನೆ ವಿಭಾಗದಲ್ಲಿ ಇಂಟೆಲ್ ಪಾಲು ನೂರಕ್ಕೆ 51ಕ್ಕಿಂತ ಕೆಳಗಿಳಿದರೆ, ಇನ್ನೂ ಐದು ಪಾಲನ್ನು ಷೇರಿಗೆ 20 ಡಾಲರಿನಂತೆ ಕೊಳ್ಳುವ ಹಕ್ಕು ಐದು ವರ್ಷದವರೆಗೆ ಸರ್ಕಾರಕ್ಕಿದೆ. ತಮ್ಮನನ್ನು ಮನೆಯಿಂದ ಹೊರಗೆ ಹಾಕಬೇಡಿ ಎಂದು ಬೇಲಿ ಹಾಕಿದಂತೆ.

ಇದು ಹೊಸದೇನಲ್ಲ. ಜಪಾನಿನ ಮೆಮೊರಿ ಚಿಪ್ಪುಗಳು ಇಂಟೆಲನ್ನು ಹಣ್ಣು ಮಾಡುತ್ತಿದ್ದ ಕಾಲ. 1982ರ ಡಿಸೆಂಬರಿನಲ್ಲಿ ಐಬಿಎಂ 25 ಕೋಟಿ ಡಾಲರಿಗೆ ಇಂಟೆಲ್‌ನ ನೂರಕ್ಕೆ 12 ಪಾಲು ಕೊಂಡಿತು. ಐಬಿಎಂ ಅಂದು ಇಂಟೆಲನ್ನು ಪೂರ್ತಿ ನುಂಗಬಲ್ಲಷ್ಟು ದೊಡ್ಡದು. ನುಂಗಲಿಲ್ಲ. ತನ್ನ ಕಂಪ್ಯೂಟರಿಗೆ ಚಿಪ್ ಕೊಡುವವನು ಬದುಕಿದ್ದರೆ ಸಾಕಿತ್ತು. ಇಂಟೆಲ್ 1985ರಲ್ಲಿ ಮೆಮೊರಿ ಬಿಟ್ಟು ಪ್ರೊಸೆಸರಿಗೆ ತಿರುಗಿತು, 1987ರ ಹೊತ್ತಿಗೆ ಐಬಿಎಂ ತನ್ನ ಪಾಲನ್ನು ಮಾರಿ ಹೊರಬಂತು. ಮುಂದೆ ಇಂಟೆಲ್ ಐಬಿಎಂನ ಎದುರಾಳಿಗಳಿಗೂ ಚಿಪ್ ಮಾರಿಯೇ ದೊಡ್ಡದಾದದ್ದು. ಅಂದು ಐಬಿಎಂ ಪೂರ್ತಿ ಕೊಂಡಿದ್ದರೆ ಆ ಗಿರಾಕಿಗಳು ಬರುತ್ತಿದ್ದರೇ?

ಆದರೆ 1982ಕ್ಕೂ 2025ಕ್ಕೂ ಒಂದು ವ್ಯತ್ಯಾಸವಿದೆ. ಐಬಿಎಂ ಪಾಲುದಾರನೂ ಹೌದು, ನಿಜವಾದ ಗಿರಾಕಿಯೂ ಹೌದು. ಎನ್‌ವಿಡಿಯಾ ತನ್ನ ಚಿಪ್ಪುಗಳನ್ನು ಇಂಟೆಲ್ ಕಾರ್ಖಾನೆಯಲ್ಲೇ ಮಾಡಿಸುತ್ತೇನೆ ಎಂದು ಸೆಪ್ಟೆಂಬರಿನ ಒಪ್ಪಂದದಲ್ಲಿ ಮಾತು ಕೊಡಲಿಲ್ಲ. 2025ರ ಕೊನೆಗೆ ಷೇರು 35 ಡಾಲರ್ ಮೇಲಿತ್ತು, 20 ಡಾಲರಿಗೆ ಕೊಂಡವರು ಗೆದ್ದರು. ಷೇರು ಏರಿತು ಎಂದಾಕ್ಷಣ ಗಿರಣಿ ತಿರುಗಿತು ಎಂದಲ್ಲ. ಅಕ್ಟೋಬರಿನಲ್ಲಿ ಅರಿಜೋನಾದ ಹೊಸ ಕಾರ್ಖಾನೆಯಲ್ಲಿ 18ಎ ತಂತ್ರದ ಉತ್ಪಾದನೆಯನ್ನು ಇಂಟೆಲ್ ತೋರಿಸಿತು, ಅದು ಒಳ್ಳೆಯ ಸುದ್ದಿ. ಒಹಾಯೋದ ಕಾರ್ಖಾನೆ 2030ರ ಆಚೆಗೆ ಹೋಗಿದೆ, ಜರ್ಮನಿ ಮತ್ತು ಪೋಲೆಂಡಿನ ಯೋಜನೆಗಳನ್ನು 2025ರ ಜುಲೈನಲ್ಲಿ ಕೈಬಿಡಲಾಯಿತು, ಅದು ಕೆಟ್ಟ ಸುದ್ದಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ನಮಗೇನು?

ಅಮೆರಿಕದ ಕಂಪನಿಯ ಕಷ್ಟ ಹೊಸೂರಿನವರಿಗೆ ಯಾಕೆ ಎಂದು ಕೇಳಬಹುದು. ಇಂಟೆಲ್‌ನ ದೊಡ್ಡ ವಿನ್ಯಾಸ ಕೇಂದ್ರ ಬೆಂಗಳೂರಿನಲ್ಲಿದೆ. 2008ರಲ್ಲಿ ಬಂದ ಆರು ಕೋರ್‌ಗಳ ಝಿಯಾನ್ ಸರ್ವರ್ ಚಿಪ್ ವಿನ್ಯಾಸವಾದದ್ದು ಅಲ್ಲೇ. 2025ರ ಜುಲೈನಲ್ಲಿ ಇಂಟೆಲ್ ತನ್ನ ಮುಖ್ಯ ಸಿಬ್ಬಂದಿಯನ್ನು ವರ್ಷದ ಕೊನೆಗೆ 75,000ಕ್ಕೆ ಇಳಿಸುತ್ತೇವೆ ಎಂದಾಗ ಆ ಬಿಸಿ ಬೆಂಗಳೂರಿಗೂ ತಟ್ಟುತ್ತದೆ ಎಂದು ಗೊತ್ತಿಲ್ಲದವರಿರಲಿಲ್ಲ. ಕಂಪನಿಗಳು ಒಂದರೊಳಗೊಂದು ಸೇರಿದಾಗ ಮೊದಲು ಎಣಿಸುವುದು ಒಂದೇ ಕೆಲಸಕ್ಕೆ ಎರಡೆರಡು ಇರುವ ಕುರ್ಚಿಗಳನ್ನು. ಕ್ವಾಲ್‌ಕಾಮ್‌ಗೂ ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ಕಚೇರಿಗಳಿವೆ. ಆ ವ್ಯವಹಾರ ನಡೆದಿದ್ದರೆ ನಮ್ಮ ಬಸ್ ನಿಲ್ದಾಣದಲ್ಲಿ ನಿಲ್ಲುವ ಕೆಲವರಿಗಾದರೂ ಬಸ್ ಹಿಡಿಯುವ ಅಗತ್ಯ ಬೀಳುತ್ತಿರಲಿಲ್ಲವೇನೋ.

ಇನ್ನೊಂದು ಕೊಂಡಿ ಇನ್ನೂ ಹತ್ತಿರದ್ದು. ಹೊಸೂರಿನ ಬಳಿ ಮೊಬೈಲ್ ಫೋನಿನ ಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಕಂಪನಿಯೇ ಗುಜರಾತಿನ ಧೋಲೇರಾದಲ್ಲಿ 91,000 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಯನ್ನೂ ಅಸ್ಸಾಮಿನಲ್ಲಿ 27,000 ಕೋಟಿಯ ಜೋಡಣೆ ಘಟಕವನ್ನೂ ಕೈಗೆತ್ತಿಕೊಂಡಿದೆ. ಎರಡಕ್ಕೂ ಕೇಂದ್ರ ಸಂಪುಟ 2024ರ ಫೆಬ್ರವರಿ 29ರಂದು ಒಪ್ಪಿಗೆ ಕೊಟ್ಟಿತು. 2021ರಲ್ಲಿ ಘೋಷಿಸಿದ 76,000 ಕೋಟಿ ರೂಪಾಯಿಯ ಯೋಜನೆಯಡಿ ಕಾರ್ಖಾನೆ ವೆಚ್ಚದ ಅರ್ಧದಷ್ಟನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. 2025ರ ಡಿಸೆಂಬರಿನಲ್ಲಿ ಇದೇ ಟಾಟಾ ಜೊತೆ, ಈ ಘಟಕಗಳಲ್ಲಿ ತನ್ನ ಉತ್ಪನ್ನಗಳನ್ನು ಮಾಡಿಸುವ ಸಾಧ್ಯತೆ ನೋಡಲು, ಇಂಟೆಲ್ ಒಡಂಬಡಿಕೆಗೆ ಸಹಿ ಹಾಕಿತು. ಅಲ್ಲಿ ಗಿರಾಕಿ ಹುಡುಕುತ್ತಿರುವ ಕಂಪನಿ ಇಲ್ಲಿ ಗಿರಾಕಿಯಾಗಿ ಬರುತ್ತಿದೆ.

ಇಂಟೆಲ್ ಕಥೆಯಿಂದ ನಮ್ಮ ಸರ್ಕಾರ ಕಲಿಯಬೇಕಾದದ್ದು ಇದೇ. ಸಬ್ಸಿಡಿಯಿಂದ ಗೋಡೆ ಎದ್ದೀತು, ಯಂತ್ರ ಬಂದೀತು. ದುಡ್ಡು ಕೊಟ್ಟವರು ರಿಬ್ಬನ್ ಕತ್ತರಿಸುವ ದಿನ ಸಂತೋಷಪಡಬಹುದು. ಮರುದಿನ ಬೆಳಗ್ಗೆ ಗಿರಣಿಯ ಮುಂದೆ ಎಷ್ಟು ಚೀಲ ಇಳಿಯುತ್ತವೆ ಎನ್ನುವುದೇ ಲೆಕ್ಕ. ಐವತ್ತು ವರ್ಷದ ಅನುಭವ, ಸಾವಿರಾರು ಪೇಟೆಂಟು, ಅಮೆರಿಕ ಸರ್ಕಾರದ ಬೆಂಬಲ ಇದ್ದ ಕಂಪನಿಗೇ ಚೀಲ ಸಿಗುವುದು ಇಷ್ಟು ಕಷ್ಟವಾದರೆ, ಹೊಸದಾಗಿ ಕಲ್ಲು ಕೂರಿಸುವವರು ಇನ್ನೆಷ್ಟು ಎಚ್ಚರ ಇರಬೇಕು?

ಮರುವಾರ ಹುಡುಗ ಮತ್ತೆ ಸಿಕ್ಕಿದ. ಹೇಳಿದೆ: "ನೋಡಪ್ಪ, ಹೊಲ ಅಗ್ಗವಾಗಿತ್ತು, ನಿಜ. ಮೇಲೆ ಸಾಲ ಇತ್ತು, ನೀರಿನ ಸರದಿ ಮಾರಿದ ದಿನವೇ ನಿಲ್ಲುತ್ತಿತ್ತು, ಊರೆಲ್ಲ ತಕರಾರು ತೆಗೆಯುತ್ತಿತ್ತು. ಅದೆಲ್ಲ ಸರಿ ಮಾಡಿಕೊಂಡರೂ ಕೊಂಡವನ ಬೆಳೆಯನ್ನು ಅಕ್ಕಪಕ್ಕದವರು ಮುಟ್ಟುತ್ತಿರಲಿಲ್ಲ. ಪಾಲು ತೆಗೆದುಕೊಳ್ಳಬಹುದಾದ ಹೊಲ ಅದು, ಪೂರ್ತಿ ಕೊಳ್ಳುವ ಹೊಲ ಅಲ್ಲ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಚೆನ್ನಾಗಿ ಬೆಳೆದು ತೋರಿಸೋದೊಂದೇ ದಾರಿ ಅನ್ನಿ ಸಾರ್" ಎಂದ.

ಇಷ್ಟುದ್ದ ಬರೆದ ನಾನು ಹೇಳಬೇಕೆಂದಿದ್ದದ್ದೂ ಅಷ್ಟೇ.